ಬೇಡಿಕೆ ಒಂದು, ದಾಸ್ತಾನು ಒಂದು

ಗಿಟಾರು ಮಾರುವ ಸಂಸ್ಥೆಗೆ ನಲವತ್ತೊಂದು ಶಾಖೆಗಳಿವೆ. ಪ್ರತಿ ಶಾಖೆಯಲ್ಲೂ ಆರುನೂರಕ್ಕೆ ಕಡಿಮೆಯಿಲ್ಲದಂತೆ ಗಿಟಾರುಗಳಿವೆ. ಅವುಗಳಲ್ಲಿ ಒಳ್ಳೆಯದು ಒಂದು. ಇದು ಆಕಸ್ಮಿಕವಲ್ಲ, ನಿಯಮ.

ಈ ನಿಯಮ ಮೇಷ್ಟ್ರಿಗೆ ಗೊತ್ತಿರಲಿಲ್ಲ. ಅವರು ಮೂವತ್ತೊಂದು ವರ್ಷ ಶಾಲೆಯಲ್ಲಿ ಮಕ್ಕಳಿಗೆ ಗಿಟಾರು ಹೇಳಿಕೊಟ್ಟು ನಿವೃತ್ತರಾದವರು. ಅಷ್ಟೂ ವರ್ಷ ನುಡಿಸಿದ್ದು ಶಾಲೆಯ ಗಿಟಾರು. ಅದು ಪ್ಲೈವುಡ್ಡಿನದು. ತಂತಿ ಎಷ್ಟು ಎತ್ತರವೆಂದರೆ ಅಡಿಯಲ್ಲಿ ಪೆನ್ಸಿಲು ತೂರುತ್ತಿತ್ತು, ಮಕ್ಕಳು ತೂರಿಸುತ್ತಲೂ ಇದ್ದರು. ಈಗ ಮೇಷ್ಟ್ರ ಎಡಗೈಯ ಉಂಗುರದ ಬೆರಳು ಬಿಗಿಯುತ್ತಿತ್ತು. ಡಾಕ್ಟರು ಬೆರಳನ್ನು ಹಿಂದೆ ಮುಂದೆ ಬಗ್ಗಿಸಿ ನೋಡಿ, "ಇನ್ನೊಂದೆರಡು ವರ್ಷ ಓಡುತ್ತೆ. ಆಮೇಲೆ ಇದು ಬರೀ ಉಂಗುರ ಹಾಕೋಕೆ" ಎಂದಿದ್ದರು.

ಹಾಗಾಗಿ ಮೇಷ್ಟ್ರು ಹೆಂಡತಿಗೆ ಹೇಳಿದರು: "ಒಂದು ಒಳ್ಳೇದು ನುಡಿಸಿಬಿಡ್ತೀನಿ."

"ನುಡಿಸಿ. ಯಾರು ಬೇಡ ಅಂದ್ರು?" ಎಂದರು ಹೆಂಡತಿ.

ಯಾರು ಬೇಡ ಅನ್ನುತ್ತಾರೆಂಬುದು ಆಗ ಇಬ್ಬರಿಗೂ ಗೊತ್ತಿರಲಿಲ್ಲ.

ಮೊದಲು ಊರಿನಲ್ಲಿ ಒಂದು ಸಣ್ಣ ಅಂಗಡಿ ಇತ್ತು. ಹದಿನೈದು ಗಿಟಾರು, ಹದಿನೈದೂ ಒಳ್ಳೆಯವು. ಅದು ಮೇಷ್ಟ್ರ ಭಾವಮೈದನದು. ನಿವೃತ್ತಿಯಾದ ಮೇಲೆ ಅಲ್ಲಿ ಹೋಗಿ ನುಡಿಸಿದರಾಯಿತು ಎಂದು ಮೇಷ್ಟ್ರು ಮುಂದೂಡುತ್ತಲೇ ಬಂದಿದ್ದರು. ಗಿಟಾರು ರಿಪೇರಿಯಲ್ಲಿ ಅವನದು ಎತ್ತಿದ ಕೈ. ಎದುರಿಗೆ ಸಂಸ್ಥೆಯ ಮೂರಂತಸ್ತಿನ ಶಾಖೆ ಬಂತು. ಎಂಟು ತಿಂಗಳಲ್ಲಿ ಭಾವಮೈದ ಬಾಗಿಲು ಹಾಕಿದ. ಸಂಸ್ಥೆ ಅವನ ಕೌಶಲವನ್ನು ಗುರುತಿಸಿ ಕರೆದು ಕೆಲಸ ಕೊಟ್ಟಿತು. ಹುದ್ದೆಯ ಹೆಸರು ಉನ್ನತ ಶ್ರೇಣಿ ಸಂರಕ್ಷಣಾಧಿಕಾರಿ. ಕೆಲಸ, ಒಂದು ಬೀಗದ ಕೈ ಇಟ್ಟುಕೊಳ್ಳುವುದು.

ಮೇಷ್ಟ್ರು ಶಾಖೆಗೆ ಹೋದರು. ನೆಲಮಹಡಿಯಲ್ಲಿ ಗುಲಾಬಿ ಬಣ್ಣದ ಪುಟಾಣಿ ಗಿಟಾರುಗಳು. ಮೊದಲ ಮಹಡಿಯಲ್ಲಿ ಅದೇ ಗಿಟಾರು, ಬೇರೆ ಬಣ್ಣ. ಎರಡನೆಯ ಮಹಡಿಯಲ್ಲಿ ಗೋಡೆ ತುಂಬ ನೇತುಹಾಕಿದ್ದವು. ಮೇಷ್ಟ್ರು ಹನ್ನೊಂದನ್ನು ಇಳಿಸಿ ನೋಡಿದರು. ಎಲ್ಲದರಲ್ಲೂ ಕತ್ತಿನ ಲೋಹದ ಗೀಟುಗಳು ಅಂಚಿನಿಂದ ಆಚೆ ಚಾಚಿಕೊಂಡಿದ್ದವು. ಹನ್ನೊಂದನೆಯದು ಬೆರಳು ತರಚಿತು. ಮೂಲೆಯಲ್ಲೊಂದು ಗಾಜಿನ ಕೋಣೆ. ಒಳಗೆ ಸ್ಟ್ಯಾಂಡಿನ ಮೇಲೆ ಒಂದೇ ಒಂದು ಗಿಟಾರು. ಹೊರಗೆ ಸ್ಟೂಲಿನ ಮೇಲೆ ಭಾವಮೈದ.

"ಬನ್ನಿ ಭಾವ," ಎಂದು ಎದ್ದ.

"ತೆಗಿ. ನುಡಿಸ್ಬೇಕು."

"ಆಗಲ್ಲ ಭಾವ. ನಿಯಮ ಹದಿನಾಲ್ಕು." ಅವನು ಗೋಡೆಯ ಫಲಕ ತೋರಿಸಿದ.

ನುಡಿಸಿದ ವಾದ್ಯವು ಬಳಸಿದ ವಾದ್ಯವೆಂದು ಪರಿಗಣಿಸಲ್ಪಡುತ್ತದೆ. ಬಳಸಿದ ವಾದ್ಯವನ್ನು ಉನ್ನತ ಶ್ರೇಣಿಯೆಂದು ಮಾರತಕ್ಕದ್ದಲ್ಲ. ಪರೀಕ್ಷಿಸಬಯಸುವ ಗ್ರಾಹಕರು ಪ್ರಾರಂಭಿಕ ಶ್ರೇಣಿಯ ಗಿಟಾರನ್ನು ನುಡಿಸಿ, ಅದರ ಹತ್ತುಪಟ್ಟು ಎಂದು ಭಾವಿಸಿಕೊಳ್ಳತಕ್ಕದ್ದು.

"ಭಾವಿಸಿಕೊಂಡು ಯಾರಾದ್ರೂ ಕೊಂಡಿದಾರಾ?"

"ನಾನು ಬಂದಮೇಲೆ ಇಲ್ಲ. ನಾಲ್ಕು ವರ್ಷ ಆಯ್ತು."

ಮೇಷ್ಟ್ರು ಗಾಜಿಗೆ ಹಣೆ ಒತ್ತಿ ನೋಡಿದರು. ದೇವದಾರಿನ ಮೈ. ತಂತಿ ತಗ್ಗಿನಲ್ಲಿತ್ತು. ಕತ್ತು ತೆಳು, ಬಿಗಿದ ಬೆರಳಿಗೂ ನಿಲುಕುವಂಥದ್ದು. ಇಂಥದ್ದನ್ನು ಕೈಯಿಂದಲೇ ಮಾಡುತ್ತಾರೆ. ನೋಡಿದರೆ ಗೊತ್ತಾಗುತ್ತದೆ.

"ಸರಿ. ನುಡಿಸದೇ ಕೊಳ್ತೀನಿ."

ಭಾವಮೈದ ಗಾಬರಿಯಾಗಿ ಶಾಖಾ ವ್ಯವಸ್ಥಾಪಕರನ್ನು ಕರೆತಂದ. ವ್ಯವಸ್ಥಾಪಕರು ಕೋಟಿನ ಗುಂಡಿ ಹಾಕಿಕೊಳ್ಳುತ್ತ ಬಂದರು. ಗ್ರಾಹಕರು ಕೊಳ್ಳುತ್ತೇನೆ ಎಂದಾಗ ಗುಂಡಿ ಹಾಕಿಕೊಳ್ಳುವುದು ಅವರ ರೂಢಿ.

"ತುಂಬ ಸಂತೋಷ ಸಾರ್. ಆದ್ರೆ ಅದು ಕೊನೇದು."

"ಕೊನೇದಾದ್ರೆ ಏನು?"

"ಕೊನೇದನ್ನ ಮಾರಿದ್ರೆ ಉನ್ನತ ಶ್ರೇಣಿ ವಿಭಾಗ ಖಾಲಿಯಾಗುತ್ತೆ. ವಿಭಾಗ ಇಲ್ಲದ ಶಾಖೆ ಬೃಹತ್ ಶಾಖೆ ಅಂತ ಬೋರ್ಡು ಹಾಕೋಹಾಗಿಲ್ಲ. ಬೋರ್ಡು ಮೂವತ್ತಡಿ ಇದೆ ಸಾರ್."

"ಇನ್ನೊಂದು ತರಿಸಿ. ಆಮೇಲೆ ಇದನ್ನ ಕೊಡಿ."

"ಖಂಡಿತ. ಒಂದು ಮಾರಾಟವಾದ ಕೂಡಲೇ ಇನ್ನೊಂದು ತರಿಸ್ತೀವಿ."

ಮೇಷ್ಟ್ರು ಭಾವಮೈದನ ಮುಖ ನೋಡಿದರು. ಅವನು ಬೀಗದ ಕೈ ನೋಡಿಕೊಳ್ಳುತ್ತಿದ್ದ.

ದೂರು ಕೊಡಲು ನಮೂನೆ ಇತ್ತು. ವಿಷಯ ಎಂಬ ಕಡೆ ಮೇಷ್ಟ್ರು "ಆಯ್ಕೆ ಕಡಿಮೆ" ಎಂದು ಬರೆದರು. ವಿವರ ಎಂಬ ಕಡೆ "ಒಂದು" ಎಂದು ಬರೆದರು. ಹೆಚ್ಚು ಬರೆಯುವ ಅಭ್ಯಾಸ ಅವರಿಗಿರಲಿಲ್ಲ.

ಕೇಂದ್ರ ಕಚೇರಿ ದೂರನ್ನು ಗಂಭೀರವಾಗಿ ಪರಿಗಣಿಸಿತು. ಆರು ವಾರದ ಮೇಲೆ ನಾಲ್ವರು ಕೆಲಸಗಾರರು ಬಂದು ಅಳತೆ ತೆಗೆದುಕೊಂಡರು. ಮರುವಾರ ಗಾಜಿನ ಕೋಣೆಯ ಹಿಂದೆ, ಎಡಕ್ಕೆ, ಬಲಕ್ಕೆ, ಓರೆ ಓರೆಯಾಗಿ ಎಂಟು ಕನ್ನಡಿ ನಿಲ್ಲಿಸಿದರು. ಬಾಗಿಲ ಬಳಿ ಪ್ರಕಟಣೆ ಅಂಟಿಸಿದರು:

ಗ್ರಾಹಕರ ಅಪೇಕ್ಷೆಯನ್ನು ಮನ್ನಿಸಿ, ಉನ್ನತ ಶ್ರೇಣಿಯ ಆಯ್ಕೆಯನ್ನು ಒಂದರಿಂದ ಒಂಬತ್ತಕ್ಕೆ ಏರಿಸಲಾಗಿದೆಯೆಂದು ತಿಳಿಸಲು ಹರ್ಷಿಸುತ್ತೇವೆ.

ಮೇಷ್ಟ್ರಿಗೆ ವಿಶೇಷ ಆಹ್ವಾನ ಹೋಯಿತು. ವ್ಯವಸ್ಥಾಪಕರು ರಿಬ್ಬನ್ನು ಕತ್ತರಿಸಿದರು. ಇಬ್ಬರು ಗುಮಾಸ್ತರು ಚಪ್ಪಾಳೆ ತಟ್ಟಿದರು. ಕನ್ನಡಿಗಳೂ ಸೇರಿ ಹದಿನೆಂಟು ಜನ ತಟ್ಟಿದಂತೆ ಕಂಡಿತು.

"ಯಾವುದು ಇಷ್ಟ ಆಯ್ತು ಸಾರ್?"

"ಮಧ್ಯದ್ದು."

"ನಮ್ಮ ಗುಮಾಸ್ತರೂ ಅದನ್ನೇ ಹೇಳಿದ್ರು," ಎಂದರು ವ್ಯವಸ್ಥಾಪಕರು ತುಸು ಬೇಸರದಿಂದ. "ಸುತ್ತ ಇರೋವನ್ನೂ ನೋಡಿ. ಅವು ಎಡಗೈಯವರಿಗೆ. ಎಡಗೈ ವಾದಕರನ್ನ ಕಡೆಗಣಿಸ್ತೀವಿ ಅಂತ ಹಳೇ ಆರೋಪ ಇತ್ತು. ಒಂದೇ ಏಟಿಗೆ ಅದೂ ಬಗೆಹರೀತು."

"ಹಾಗಾದ್ರೆ ಈಗ ಮಧ್ಯದ್ದು ಕೊನೇದಲ್ಲ. ಕೊಡಿ."

ವ್ಯವಸ್ಥಾಪಕರು ಯೋಚಿಸಿದರು. ಈ ವಾದದಲ್ಲಿ ಹುರುಳಿದೆ ಎಂದು ಅವರೇ ಒಪ್ಪಿಕೊಂಡರು. ಆದರೆ ಮಧ್ಯದ್ದನ್ನು ಕೊಟ್ಟರೆ ಉಳಿದ ಎಂಟೂ ಅದರೊಡನೆ ಹೋಗುತ್ತವೆ. ಒಂಬತ್ತನ್ನೂ ಒಟ್ಟಿಗೆ ಕೊಳ್ಳುವುದಾದರೆ ಸಗಟು ವ್ಯಾಪಾರಿಯ ಪರವಾನಗಿ ಬೇಕು. ಮೇಷ್ಟ್ರ ಬಳಿ ಅದಿರಲಿಲ್ಲ.

ಇಷ್ಟಾದ ಮೇಲೂ ಮೇಷ್ಟ್ರ ದೂರು ವ್ಯರ್ಥವಾಗಲಿಲ್ಲ. ಅದು ಕೇಂದ್ರ ಕಚೇರಿಯ ಬೇಡಿಕೆ ಪುಸ್ತಕದಲ್ಲಿ ದಾಖಲಾಯಿತು. ನಲವತ್ತು ಶಾಖೆಗಳಲ್ಲಿ ಉನ್ನತ ಶ್ರೇಣಿಯ ದಾಸ್ತಾನು ಒಂದು, ಬೇಡಿಕೆ ಸೊನ್ನೆ. ಈ ಶಾಖೆಯಲ್ಲಿ ಮಾತ್ರ ದಾಸ್ತಾನು ಒಂದು, ಬೇಡಿಕೆ ಒಂದು. ಇಂಥ ಸಮತೋಲನ ಸಂಸ್ಥೆಯ ಚರಿತ್ರೆಯಲ್ಲಿ ಇರಲಿಲ್ಲ. ಶಾಖೆಗೆ ಹಿತ್ತಾಳೆಯ ಫಲಕ ಬಂತು. ವ್ಯವಸ್ಥಾಪಕರಿಗೆ ದೊಡ್ಡ ಮೇಜು ಬಂತು. ಭಾವಮೈದನಿಗೆ ಸ್ಟೂಲಿನ ಬದಲು ಕುರ್ಚಿ ಬಂತು.

ಅಂದಿನಿಂದ ಪ್ರತಿ ಸೋಮವಾರ ಮೇಷ್ಟ್ರ ಮನೆಗೆ ಫೋನು.

"ಸಾರ್, ಇನ್ನೂ ಬೇಕು ತಾನೆ?"

"ಬೇಕು. ಕೊಡ್ತೀರಾ?"

"ಇಲ್ಲ ಸಾರ್. ಬೇಕು ಅಂತಿದ್ರೆ ಸಾಕು. ಬರ್ಕೊತೀವಿ."

ಹನ್ನೆರಡು ಸೋಮವಾರ ಮೇಷ್ಟ್ರು ಬೇಕು ಎಂದರು. ಬೆಳಗ್ಗೆ ಅಂಗಿಯ ಗುಂಡಿ ಹಾಕುವಾಗ ಬೆರಳು ಮೊದಲಿಗಿಂತ ತಡವಾಗಿ ಬಗ್ಗುತ್ತಿತ್ತು. ಹದಿಮೂರನೆಯ ಸೋಮವಾರ "ಬೇಡ" ಎಂದು ಫೋನು ಇಟ್ಟರು.

ಅರ್ಧ ಗಂಟೆಯಲ್ಲಿ ವ್ಯವಸ್ಥಾಪಕರೂ ಭಾವಮೈದನೂ ಮನೆಯ ಬಾಗಿಲಲ್ಲಿದ್ದರು. ವ್ಯವಸ್ಥಾಪಕರ ಕೋಟಿನ ಗುಂಡಿ ಹಾಕಿರಲಿಲ್ಲ.

"ಸಾರ್, ಹೀಗೆ ಏಕಾಏಕಿ ಬೇಡ ಅಂದ್ರೆ ಹೇಗೆ? ಮೇಜು ವಾಪಸ್ ತಗೊಂಡು ಹೋಗ್ತಾರೆ."

"ತಗೊಂಡು ಹೋಗ್ಲಿ."

"ವಿಭಾಗ ಮುಚ್ತಾರೆ ಭಾವ," ಎಂದ ಭಾವಮೈದ. "ನನ್ನನ್ನ ಹೆಗಲಪಟ್ಟಿ ಸೆಕ್ಷನ್ನಿಗೆ ಹಾಕ್ತಾರೆ. ಬೆಲ್ಟು ಮಾರೋದು."

ಅಡುಗೆಮನೆಯಿಂದ ಹೆಂಡತಿ ಕೈ ಒರೆಸಿಕೊಳ್ಳುತ್ತ ಬಂದರು. "ಏನ್ರೀ, ಬೇಕು ಅನ್ನೋಕೆ ನಿಮ್ಮ ಗಂಟೇನು ಹೋಗುತ್ತೆ? ಅವನ ಅಂಗಡಿಯಂತೂ ಹೋಯ್ತು. ಇರೋ ಅನ್ನಕ್ಕೂ ಕಲ್ಲು ಹಾಕ್ತೀರಾ?"

"ನನ್ನ ಬೆರಳು ಹೋಗ್ತಾ ಇದೆ," ಎಂದರು ಮೇಷ್ಟ್ರು.

ಭಾವಮೈದ ಅಕ್ಕನ ಮುಖ ನೋಡಿದ. ಅಕ್ಕ ಗಂಡನ ಕೈ ನೋಡಿದರು.

"ನುಡಿಸೋಕೆ ಕೊಟ್ರೆ ಬೇಕು ಅಂತೀನಿ. ಇಲ್ಲಾಂದ್ರೆ ಇಲ್ಲ." ಇದು ಮೇಷ್ಟ್ರು ಆ ವರ್ಷ ಅಲ್ಲಿಯವರೆಗೆ ಆಡಿದ ಅತಿ ಉದ್ದದ ಮಾತು.

ಭಾವಮೈದ ಜೇಬಿನಿಂದ ನಿಯಮಾವಳಿ ತೆಗೆದ. ನಾಲ್ಕು ವರ್ಷ ಸ್ಟೂಲಿನ ಮೇಲೆ ಕೂತು ಅವನು ಓದಿದ್ದು ಅದೊಂದೇ ಪುಸ್ತಕ. "ಒಂದು ದಾರಿ ಇದೆ. ನಿಯಮ ಮೂವತ್ತೊಂದು. ಮರ ಬಿರಿಯದಂತೆ ಸಿಬ್ಬಂದಿಯು ವಾದ್ಯವನ್ನು ದಿನಕ್ಕೆ ಇಪ್ಪತ್ತು ನಿಮಿಷ ನುಡಿಸತಕ್ಕದ್ದು. ಇದನ್ನು ನುಡಿಸುವಿಕೆ ಎಂದು ಪರಿಗಣಿಸದೆ ನಿರ್ವಹಣೆ ಎಂದು ಪರಿಗಣಿಸತಕ್ಕದ್ದು."

"ಮತ್ತೆ ಇಷ್ಟು ದಿನ ಯಾರು ನಿರ್ವಹಣೆ ಮಾಡ್ತಿದ್ರು?" ಕೇಳಿದರು ಮೇಷ್ಟ್ರು.

"ಹುದ್ದೆ ಖಾಲಿ ಇತ್ತು ಭಾವ."

ಮೇಷ್ಟ್ರನ್ನು ಅರೆಕಾಲಿಕ ನಿರ್ವಹಣಾ ಸಹಾಯಕರಾಗಿ ನೇಮಿಸಲಾಯಿತು. ಭಾವಚಿತ್ರದ ಗುರುತಿನ ಚೀಟಿ ಕೊಟ್ಟರು. ಭಾವಮೈದ ಬೀಗ ತೆಗೆದ. ನಾಲ್ಕು ವರ್ಷದಿಂದ ತೆಗೆಯದ ಬೀಗ, ಎರಡು ಸಲ ಎಣ್ಣೆ ಬಿಡಬೇಕಾಯಿತು.

ಮೇಷ್ಟ್ರು ಒಳಗೆ ಕೂತು ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡರು. ಹಗುರವಾಗಿತ್ತು. ಶ್ರುತಿ ಮಾಡಿದರು. ಒಂದು ತಂತಿ ಮೀಟಿದರು. ನಾದ ಎದ್ದಿತು, ಹೋಗಲಿಲ್ಲ. ಅವರು ಕಾದರು. ಇನ್ನೂ ಇತ್ತು. ಶಾಲೆಯ ಗಿಟಾರಿನಲ್ಲಿ ಅಷ್ಟು ಹೊತ್ತಿಗೆ ಮೂರು ಮಕ್ಕಳು ಜಗಳವಾಡಿ ರಾಜಿಯಾಗಿರುತ್ತಿದ್ದರು. ಉಂಗುರದ ಬೆರಳು ಹೋಗಬೇಕಾದ ಕಡೆ ಹೋಯಿತು. ಒತ್ತಬೇಕಾಗಿಯೇ ಬರಲಿಲ್ಲ. ಗಾಜು ದಪ್ಪ, ಹೊರಗೆ ಏನೂ ಕೇಳುತ್ತಿರಲಿಲ್ಲ. ಹೊರಗಿದ್ದ ಭಾವಮೈದನಿಗೆ ಕಂಡಿದ್ದು ಒಂಬತ್ತು ಜನ ಮುದುಕರು ಕಣ್ಣು ಮುಚ್ಚಿ ಕೂತಿದ್ದು. ಇಪ್ಪತ್ತು ನಿಮಿಷ ಮುಗಿದಾಗ ಅವನು ಗಾಜು ತಟ್ಟಲು ಕೈ ಎತ್ತಿದ. ಆಮೇಲೆ ತನ್ನ ಗಡಿಯಾರವನ್ನು ಐದು ನಿಮಿಷ ಹಿಂದಕ್ಕೆ ತಿರುಗಿಸಿದ.

ಹೀಗೆ ಒಂದು ತಿಂಗಳು ಕಳೆಯಿತು. ಮೇಷ್ಟ್ರು ಮನೆಯಲ್ಲಿ ಎರಡು ಸಲ ನಕ್ಕರೆಂದು ಹೆಂಡತಿ ತಮ್ಮನಿಗೆ ಫೋನು ಮಾಡಿ ತಿಳಿಸಿದರು.

ಆಗ ಕೇಂದ್ರ ಕಚೇರಿಯಿಂದ ಸುತ್ತೋಲೆ ಬಂತು.

ತಮ್ಮ ಶಾಖೆಯ ಏಕೈಕ ಬೇಡಿಕೆದಾರರು ಸಿಬ್ಬಂದಿಯಾಗಿರುವುದು ಗಮನಕ್ಕೆ ಬಂದಿದೆ. ಸಿಬ್ಬಂದಿಯು ಗ್ರಾಹಕನಲ್ಲ. ಆದ್ದರಿಂದ ಬೇಡಿಕೆ ಸೊನ್ನೆ. ಮೂವತ್ತು ದಿನಗಳೊಳಗೆ ನೈಜ ಬೇಡಿಕೆ ಕಂಡುಬರದಿದ್ದಲ್ಲಿ ವಿಭಾಗವನ್ನು ಮುಚ್ಚಿ, ವಾದ್ಯವನ್ನು ಕೇಂದ್ರ ಉಗ್ರಾಣಕ್ಕೆ ಮರಳಿಸತಕ್ಕದ್ದು. ಕನ್ನಡಿಗಳನ್ನು ಪ್ರತ್ಯೇಕವಾಗಿ ಕಟ್ಟತಕ್ಕದ್ದು.

"ಉಗ್ರಾಣದಲ್ಲಿ ಏನ್ಮಾಡ್ತಾರೆ?" ಕೇಳಿದರು ಮೇಷ್ಟ್ರು.

"ಇಡ್ತಾರೆ," ಎಂದ ಭಾವಮೈದ.

ಹೆಂಡತಿ ಬೇಡಿಕೆ ಸಲ್ಲಿಸಲು ಮುಂದೆ ಬಂದರು. ಸಿಬ್ಬಂದಿಯ ಕುಟುಂಬವೆಂದು ಅರ್ಜಿ ತಿರಸ್ಕೃತವಾಯಿತು. ವ್ಯವಸ್ಥಾಪಕರು ತಮ್ಮ ಷಡ್ಡಕನನ್ನು ಕರೆತಂದರು. ಗಿಟಾರಿಗೆ ಎಷ್ಟು ತಂತಿ ಎಂದು ಕೇಂದ್ರ ಕಚೇರಿಯ ಪರಿಶೀಲನಾಧಿಕಾರಿ ಕೇಳಿದಾಗ ಆತ "ಬೇಕಾದಷ್ಟು" ಎಂದ. ಅದೂ ಬಿದ್ದುಹೋಯಿತು.

ಮೇಷ್ಟ್ರು ದಿನಾ ನಿರ್ವಹಣೆ ಮುಗಿಸಿ ಗೋಡೆಯ ಪಕ್ಕ ನಿಂತು ಗಿರಾಕಿಗಳನ್ನು ನೋಡತೊಡಗಿದರು. ಬರುವವರು ಬಣ್ಣ ಕೇಳುತ್ತಿದ್ದರು. ಒಬ್ಬರು ಸೋಫಾಗೆ ಹೊಂದುವುದು ಬೇಕೆಂದರು. ಒಬ್ಬರು ಗಾಜಿನ ಕೋಣೆ ನೋಡಿ, ಕನ್ನಡಿ ಎಷ್ಟಕ್ಕೆ ಎಂದು ವಿಚಾರಿಸಿದರು. ದಿನ ಇಪ್ಪತ್ತು ಆಯಿತು. ಇಪ್ಪತ್ತಾರು ಆಯಿತು.

ಇಪ್ಪತ್ತೆಂಟನೆಯ ದಿನ ಒಬ್ಬ ನರ್ಸು ಬಂದಳು. ಡ್ಯೂಟಿ ಮುಗಿಸಿ ನೇರ ಬಂದಿದ್ದಳು, ಜೇಬಿನಲ್ಲಿ ಥರ್ಮಾಮೀಟರು ಇನ್ನೂ ಇತ್ತು. ಗೋಡೆಯಿಂದ ಒಂದು ಗಿಟಾರು ಇಳಿಸಿ ಒಂದು ಸಲ ಮೀಟಿ ಹಾಗೇ ತೂಗುಹಾಕಿದಳು. ಇನ್ನೊಂದು. ಇನ್ನೊಂದು. ಆರನೆಯದು ಬೆರಳು ತರಚಿತು. ಆಕೆ ಬೆರಳನ್ನು ಬಾಯಲ್ಲಿಟ್ಟುಕೊಂಡು ಗಾಜಿನ ಮುಂದೆ ನಿಂತಳು.

ಮೇಷ್ಟ್ರು ಆಕೆಯ ಎಡಗೈ ನೋಡಿದರು. ಬೆರಳ ತುದಿಗಳು ಜಡ್ಡುಗಟ್ಟಿದ್ದವು.

"ಇದು ಬೇಕಾಮ್ಮ?" ಎಂದು ಕೇಳಿದರು.

"ಬೇಕು. ನುಡಿಸಿ ನೋಡ್ಬಹುದಾ?"

"ಇಲ್ಲ. ನುಡಿಸಿದ್ರೆ ಬಳಸಿದ್ದಾಗುತ್ತೆ."

"ಈಗ ನೀವು ನುಡಿಸ್ತಾ ಇದ್ರಲ್ಲ. ಮೆಟ್ಟಿಲಿಂದ ನೋಡ್ದೆ."

"ಅದು ನುಡಿಸೋದಲ್ಲ. ನಿರ್ವಹಣೆ."

"ಓ. ಸರಿ, ನುಡಿಸದೇ ತಗೊಳ್ಳೋದಾದ್ರೆ?"

"ಕೊನೇದು. ಮಾರೋಹಾಗಿಲ್ಲ."

ಆಕೆ ಮೇಷ್ಟ್ರನ್ನು ನೋಡಿದಳು, ಕುರ್ಚಿಯಲ್ಲಿದ್ದ ಭಾವಮೈದನನ್ನು ನೋಡಿದಳು. ಆಸ್ಪತ್ರೆಯಲ್ಲಿ ಕೆಲಸ ಮಾಡುವವಳಾದ್ದರಿಂದ ಅವಳಿಗೆ ಇದರಲ್ಲಿ ಅಂಥ ಆಶ್ಚರ್ಯವೇನೂ ಆಗಲಿಲ್ಲ.

"ಮತ್ತೆ ನಾನೀಗ ಏನ್ಮಾಡ್ಬೇಕು?"

"ಬೇಕು ಅಂತ ಬರೀಬೇಕು." ಭಾವಮೈದ ಆಗಲೇ ನಮೂನೆ ಹಿಡಿದು ನಿಂತಿದ್ದ. ವ್ಯವಸ್ಥಾಪಕರು ಮೆಟ್ಟಿಲ ಬಳಿ ಪೆನ್ನಿನ ಮುಚ್ಚಳ ತೆಗೆದು ಕಾಯುತ್ತಿದ್ದರು.

"ಬರೆದ್ರೆ ಯಾವಾಗ ಸಿಗುತ್ತೆ?"

ಮೇಷ್ಟ್ರು ಮೂವತ್ತೊಂದು ವರ್ಷ ಮಕ್ಕಳಿಗೆ ಸುಳ್ಳು ಹೇಳಿದವರಲ್ಲ. "ಸಿಗೋದಿಲ್ಲಮ್ಮ. ನಿನಗೆ ಸಿಕ್ಕಿದ್ರೆ ಇಲ್ಲಿ ಇರೋದಿಲ್ಲ. ಇಲ್ಲಿ ಇಲ್ದಿದ್ರೆ ವಿಭಾಗ ಮುಚ್ಚುತ್ತೆ. ಆಗ ಯಾರಿಗೂ ಸಿಗೋದಿಲ್ಲ."

ಆಕೆ ಒಂಬತ್ತು ಗಿಟಾರುಗಳನ್ನೂ ಇನ್ನೊಂದು ಸಲ ನೋಡಿದಳು.

"ಮುಚ್ಚೋದು ಬೇಡ ಬಿಡಿ," ಎಂದು ಸಹಿ ಹಾಕಿದಳು.

ವ್ಯವಸ್ಥಾಪಕರು ಕೇಂದ್ರ ಕಚೇರಿಗೆ ತಿಳಿಸಲು ಓಡಿದರು. ಭಾವಮೈದ ಸ್ವೀಕೃತಿ ಚೀಟಿ ಹರಿದು ಕೊಟ್ಟ. ನರ್ಸು ಅದನ್ನು ನಾಲ್ಕಾಗಿ ಮಡಚಿ ಪರ್ಸಿನಲ್ಲಿಟ್ಟುಕೊಂಡು, ಇಂಥ ಗಿಟಾರು ಇರುವ ಅಂಗಡಿ ಊರಿನಲ್ಲಿ ಒಂದಾದರೂ ಇದೆಯಲ್ಲ, ಅಷ್ಟೇ ಸಮಾಧಾನ ಎಂದಳು. ಹೌದು ಎಂದರು ಮೇಷ್ಟ್ರು. ಮರುದಿನ ಅವರು ಹತ್ತು ಗಂಟೆಗೆ ಸರಿಯಾಗಿ ಒಳಗೆ ಹೋಗಿ, ಬಾಗಿಲು ಹಾಕಿಕೊಂಡು, ನಿರ್ವಹಣೆ ಆರಂಭಿಸಿದರು.