ಪುಟ್ಟಕ್ಕ ಊಟ ಬಿಟ್ಟ ದಿನಗಳು

ಬೇಡ ಎಂದವರನ್ನು ನಾನು ಎಂದೂ ನಂಬಿದವನಲ್ಲ. ಜಂಬಕ್ಕೆ ಹೇಳುತ್ತಿಲ್ಲ, ನನ್ನ ಕಸುಬೇ ಹಾಗೆ. ಸಾಗರದ ಸುತ್ತಮುತ್ತ ಮದುವೆ, ಉಪನಯನಗಳಿಗೆ ಅಡುಗೆ ಮಾಡಿ ಬಡಿಸುವುದು ನನ್ನ ಕೆಲಸ. ನಮ್ಮ ಕಡೆ ಊಟಕ್ಕೆ ಕೂತವರು ಬೇಡ ಎನ್ನಬೇಕು, ಬಡಿಸುವವರು ಅದನ್ನು ಕೇಳಿಸಿಕೊಳ್ಳಬಾರದು. ಎರಡೂ ಸೇರಿದರೇ ಉಪಚಾರ. ಎಲೆಗೆ ಅಡ್ಡ ಹಿಡಿದ ಎರಡು ಕೈಗಳ ಸಂದಿಯಲ್ಲಿ ಹೋಳಿಗೆ ಇಳಿಸುವುದರಲ್ಲಿ ಇಲ್ಲಿಂದ ತೀರ್ಥಹಳ್ಳಿಯವರೆಗೆ ನನ್ನನ್ನು ಮೀರಿಸಿದವರಿಲ್ಲ ಎಂದು ಜನ ಹೇಳುತ್ತಾರೆ. ನಾನೂ ಹೇಳುತ್ತೇನೆ. ಹೊಸನಗರದ ಒಂದು ಮದುವೆಯಲ್ಲಿ ಹಿರಿಯರೊಬ್ಬರು "ಸಾಕು ಮಾರಾಯ" ಎಂದು ಎಲೆಯ ಮೇಲೆ ಬೋರಲು ಬಗ್ಗಿಯೇ ಬಿಟ್ಟಿದ್ದರು. ನಾನು ಹೋಳಿಗೆ ಹಿಡಿದು ಹಾಗೇ ನಿಂತೆ. ಎಷ್ಟು ಹೊತ್ತಾದರೂ ಒಮ್ಮೆ ತಲೆ ಎತ್ತಲೇಬೇಕಲ್ಲ, ಎತ್ತಿದರು. ಒಂದಲ್ಲ, ಎರಡು ತಿಂದರು.

ಇಂಥ ನನ್ನ ಕೈಗೆ ಮಗಳು ಅನಘಾ ತನ್ನ ಜೇಡವನ್ನು ಒಪ್ಪಿಸಿ ಹೋದಳು. ಗೋಡೆಮೂಲೆಯಲ್ಲಿ ಬಲೆ ಕಟ್ಟುವ ಬಡಪಾಯಿ ಜೇಡ ಅಲ್ಲ ಇದು. ಟರಾಂಟುಲಾ, ಮೈತುಂಬ ಕೂದಲಿರುವ ದೊಡ್ಡ ಜಾತಿ. ಇನ್ನೂ ಮರಿಯಾದ್ದರಿಂದ ಕಾಲು ಚಾಚಿದರೆ ಒಂದು ಕೋಡುಬಳೆಯಷ್ಟಾಗುತ್ತಿತ್ತು. ಅವಳ ಗೆಳತಿ ಸಾಕಿದ ಜೇಡಕ್ಕೆ ಹುಟ್ಟಿದ ಬೇರೆ ಮರಿಗಳನ್ನೆಲ್ಲ ಒಬ್ಬೊಬ್ಬರು ಒಯ್ದರೂ, ಒಂದು ಕಾಲು ಮುರಿದುಹೋಗಿ ಏಳೇ ಉಳಿದಿದ್ದ ಇದನ್ನು ಯಾರೂ ಮುಟ್ಟಲಿಲ್ಲವಂತೆ. ನಮ್ಮವಳು ಗಾಜಿನ ಪೆಟ್ಟಿಗೆಯಲ್ಲಿ ಮಣ್ಣು ಹಾಸಿ ಮನೆಗೆ ತಂದಳು, ಪುಟ್ಟಕ್ಕ ಎಂದು ಹೆಸರಿಟ್ಟಳು. ನನ್ನ ಹೆಂಡತಿಯ ಸೋದರತ್ತೆಯ ಹೆಸರೂ ಅದೇ. ಹಾಗಾಗಿ ಆ ಅತ್ತೆ ಬಂದಾಗಲೆಲ್ಲ ನಮ್ಮ ಜೇಡಕ್ಕೆ ಹೆಸರಿರುವುದಿಲ್ಲ.

ಅನಘಾ ಓದುವುದು ಪ್ರಾಣಿಶಾಸ್ತ್ರ. ಎರಡು ವಾರ ಹುಲಿಕಲ್ ಘಟ್ಟದಲ್ಲಿ ಕಪ್ಪೆ ಎಣಿಸಲು ಕಾಲೇಜಿನವರ ಜೊತೆ ಹೊರಟವಳು ಬಾಗಿಲಲ್ಲಿ ನಿಂತು ಹೇಳಿದಳು. "ಅಪ್ಪಯ್ಯ, ಅದು ತಿಂತಿಲ್ಲೆ ಅಂತ ತಲೆಬಿಸಿ ಮಾಡ್ಕ್ಯಳಡ. ಪೊರೆ ಬಿಡ ಮುಂಚೆ ಊಟ ಬಿಡ್ತು. ಮಿಡತೆ ಹಾಕಿ ನೋಡು, ಮುಟ್ಟದೇ ಇದ್ರೆ ಸಂಜೆ ತೆಗ್ದು ಬಿಡು."

ಮೊಟ್ಟೆಯ ಚಿಪ್ಪನ್ನೂ ಕಾಣದ ಮನೆಯಲ್ಲಿ ಮಿಡತೆ ಬಡಿಸುವ ಯೋಗ ನನ್ನದಾಯಿತು. ಅವಳು ಡಬ್ಬಿಯಲ್ಲಿಟ್ಟು ಹೋಗಿದ್ದ ಮಿಡತೆಗಳಲ್ಲಿ ಒಂದನ್ನು ಮೊದಲ ದಿನ ಕಣ್ಣುಮುಚ್ಚಿ ಪೆಟ್ಟಿಗೆಗೆ ಬೀಳಿಸಿದೆ. ಕಣ್ಣು ಬಿಟ್ಟಾಗ ಪುಟ್ಟಕ್ಕ ಮಿಡತೆಗೆ ಬೆನ್ನು ಹಾಕಿ ಕೂತಿದ್ದಳು. ಸಂಜೆ ಲೋಟ ಮುಚ್ಚಿ ಹಿಡಿದು ತೆಗೆದೆ. ಮರುದಿನ ಸಣ್ಣದನ್ನು ಹಾಕಿದೆ, ಅದರ ಮರುದಿನ ಇನ್ನೂ ಎಳೆಯದನ್ನು. ಮಿಡತೆಯ ಮೀಸೆ ತಾಗಿದರೂ ಪುಟ್ಟಕ್ಕ ಕಾಲಿನಲ್ಲಿ ಒತ್ತರಿಸಿ ಸರಿದು ಕೂರುತ್ತಿದ್ದಳು. ನನಗೆ ನಿಜವಾಗಿಯೂ ಸಿಟ್ಟು ಬಂತು. ನೂರಾರು ಜನರ ಪಂಕ್ತಿಯಲ್ಲಿ ಆಗದ ಅವಮಾನ ಗಾಜಿನ ಪೆಟ್ಟಿಗೆಯ ಮುಂದೆ ಆಗುತ್ತಿತ್ತು. ನಾಲ್ಕನೆಯ ದಿನ "ಸಂಕೋಚ ಮಾಡ್ಕ್ಯಳಡ, ಮನೆ ಊಟ" ಎಂದು ನಾನು ಜೇಡಕ್ಕೆ ಹೇಳುತ್ತಿದ್ದದ್ದು ಹೆಂಡತಿಯ ಕಿವಿಗೆ ಬಿತ್ತು. "ಅದು ನಿಮ್ಮ ಪಂಕ್ತಿಗೆ ಕೂತ ನೆಂಟರಲ್ಲ. ಬ್ಯಾಡ ಅಂದ್ರೆ ಬ್ಯಾಡ" ಎಂದು ಹೇಳಿ ಅವಳು ಒಳಗೆ ಹೋದಳು.

ಅಷ್ಟರಲ್ಲಿ ಪುಟ್ಟಕ್ಕನ ಹೊಟ್ಟೆ ಕಪ್ಪಗಾಗಿತ್ತು, ಮೈ ಮಂಕಾಗಿತ್ತು. ಇದು ಹಸಿವೇ ಎಂದು ತೀರ್ಮಾನಿಸಿದೆ. ಆರನೆಯ ಸಂಜೆ ಡಬ್ಬಿಯಲ್ಲಿದ್ದ ಅತ್ಯಂತ ದಪ್ಪನೆಯ ಮಿಡತೆಯನ್ನು ಆರಿಸಿ ಹಾಕಿದೆ, ತೆಗೆಯಲಿಲ್ಲ. ಉಣ್ಣುವವರು ಏಳುವ ಮೊದಲು ಎಲೆ ಎತ್ತುವ ಪದ್ಧತಿ ನಮ್ಮಲ್ಲಿಲ್ಲ.

ಬೆಳಿಗ್ಗೆ ನೋಡಿದರೆ ಪುಟ್ಟಕ್ಕ ಅಂಗಾತ ಬಿದ್ದಿದ್ದಳು. ಏಳೂ ಕಾಲು ಮೇಲೆ, ಅಲ್ಲಾಟವಿಲ್ಲ. ನನ್ನ ಮನೆಯಲ್ಲಿ, ನನ್ನ ಕಣ್ಣೆದುರಿಗೆ, ಒಂದು ಜೀವ ಉಪವಾಸ ಸತ್ತಿತ್ತು. ಯಾರಿಗೂ ಬೇಡವಾದದ್ದನ್ನು ಆಸೆಪಟ್ಟು ತಂದ ಮಗಳಿಗೆ ಏನೆಂದು ಹೇಳಲಿ? ಘಟ್ಟದಲ್ಲಿ ಫೋನು ಸಿಕ್ಕುವುದೇ ಕಷ್ಟ. ಮೂರನೆಯ ಸಲಕ್ಕೆ ಸಿಕ್ಕಳು.

"ಸತ್ತೋತು ಕಾಣ್ತು ಕೂಸೇ" ಎಂದೆ.

"ಅಂಗಾತ ಬಿದ್ದಿದ್ದಾ? ಅಪ್ಪಯ್ಯ, ಮುಟ್ಟಡ. ಅದು ಸತ್ತಿದ್ದಲ್ಲ, ಪೊರೆ ಬಿಡ್ತಾ ಇದ್ದು. ಈಗ ಅದರ ಮೈ ಬೆಣ್ಣೆ ಇದ್ದಾಂಗೆ. ಮಿಡತೆ ಕಚ್ಚಿರೆ ಮುಗ್ದೇ ಹೋತು. ಒಳಗೆ ಮಿಡತೆ ಇಲ್ಲೆ ಅಲ್ದಾ?"

ನಾನು ಪೆಟ್ಟಿಗೆಯತ್ತ ನೋಡಿದೆ. ದಪ್ಪ ಮಿಡತೆ ಪುಟ್ಟಕ್ಕನ ತಲೆಯಿಂದ ಎರಡು ಬೆರಳು ದೂರದಲ್ಲಿ ಕೂತು ಮೀಸೆ ಆಡಿಸುತ್ತಿತ್ತು. "ಇಲ್ಲೆ" ಎಂದೆ. ಫೋನು ಕಡಿದುಹೋಯಿತು.

ಮಗಳಿಗೆ ನಾನು ಹೇಳಿದ ಸುಳ್ಳನ್ನು ನಿಜ ಮಾಡುವುದೊಂದೇ ಉಳಿದ ದಾರಿ. ಲೋಟ ಮುಚ್ಚಿದರೆ ಪುಟ್ಟಕ್ಕನಿಗೆ ತಾಗುತ್ತಿತ್ತು, ಮಗಳ ಸಣ್ಣ ಚಿಮಟ ಅವಳ ಜೊತೆ ಹುಲಿಕಲ್ಲಿಗೆ ಹೋಗಿತ್ತು. ಅಡುಗೆಮನೆಯಿಂದ ಹಪ್ಪಳ ಸುಡುವ ಉದ್ದ ಚಿಮಟವನ್ನು ಹೆಂಡತಿಗೆ ಕಾಣದ ಹಾಗೆ ತಂದೆ. ತುಂಬಿದ ಪಂಕ್ತಿಯಲ್ಲಿ ಒಬ್ಬರ ರೇಷ್ಮೆಗೂ ಹನಿ ಬೀಳಿಸದೆ ತುಪ್ಪ ಬಡಿಸಿದ ಕೈಯನ್ನು ಅವತ್ತು ಇನ್ನೊಂದು ಕೈಯಲ್ಲಿ ಹಿಡಿದುಕೊಳ್ಳಬೇಕಾಯಿತು. ಮಿಡತೆ ಹಾರಿದರೆ ನೇರ ಪುಟ್ಟಕ್ಕನ ಮೇಲೆಯೇ. ನಿಧಾನವಾಗಿ ಚಿಮಟ ಇಳಿಸಿದೆ. ಮಿಡತೆ ಒಂದು ಹೆಜ್ಜೆ ಅವಳತ್ತ ಸರಿಯಿತು, ನಾನು ನಿಂತೆ. ಮತ್ತೆ ಇಳಿಸಿದೆ, ಹಿಡಿದೆ, ಎತ್ತಿದೆ. ಇಷ್ಟು ವರ್ಷ ಬಡಿಸಿದವನು ಬಡಿಸಿದ್ದನ್ನು ಇಷ್ಟು ಜಾಗ್ರತೆಯಿಂದ ವಾಪಸು ತೆಗೆದದ್ದು ಅದೇ ಮೊದಲು.

ಆಮೇಲೆ ಕಂಡದ್ದನ್ನು ಹೇಗೆ ಹೇಳಲಿ? ಅವಳ ಮೈ ಬದಿಯಲ್ಲಿ ಬಿರಿಯಿತು. ಒಳಗಿನಿಂದ ಇನ್ನೊಬ್ಬ ಪುಟ್ಟಕ್ಕ, ಬೆಳ್ಳಗೆ, ಒದ್ದೆಯಾಗಿ, ಹೊರಗೆ ಬರತೊಡಗಿದಳು. ಒಮ್ಮೆ ಎಲ್ಲ ಕಾಲನ್ನೂ ಎಳೆದುಕೊಳ್ಳುವುದು, ಸುಮ್ಮನಾಗುವುದು, ಮತ್ತೆ ಎಳೆಯುವುದು. ಕೈಗೂಸಿನ ಅಂಗಿ ಬಿಚ್ಚುವಾಗಲೂ ನಾವು ಅಷ್ಟು ನಾಜೂಕಾಗಿರುವುದಿಲ್ಲ. ಕೋರೆಹಲ್ಲಿನ ಹೊದಿಕೆಯನ್ನೂ ಬಿಟ್ಟಳು, ಕೂದಲು ಕೂದಲನ್ನೂ ಬಿಟ್ಟಳು. ನನ್ನ ಜೊತೆ ಅಡುಗೆಗೆ ಬರುವ ಹುಡುಗರು ಎರಡು ಸಲ ಫೋನು ಮಾಡಿ ನಾಳೆಯ ಮದುವೆಗೆ ಬೇಳೆ ಎಷ್ಟು ಎಂದು ಕೇಳಿದರು. ಏನು ಹೇಳಿದೆನೋ ನೆನಪಿಲ್ಲ. ಚಿಮಟ ಕಂಡು ಬೈಯಲು ಬಂದ ಹೆಂಡತಿ ಪಕ್ಕದಲ್ಲೇ ಕೂತಳು. ನಾವಿಬ್ಬರೂ ಒಂದೂ ಮಾತಾಡದೆ ಅಷ್ಟು ಹೊತ್ತು ಜೊತೆಗೆ ಕೂತದ್ದು ಮದುವೆಯ ಮಂಟಪದ ನಂತರ ಅದೇ ಇರಬೇಕು.

ಎಲ್ಲ ಮುಗಿದು ಅವಳು ಕಾಲು ಹರಡಿ ಮಲಗಿದಾಗ ಪಂಕ್ತಿಯಲ್ಲಿ ಎಲೆ ಎಣಿಸುವ ಅಭ್ಯಾಸದಿಂದ ಎಣಿಸಿದೆ. ಎಂಟು. ಹೆಂಡತಿಯೂ ಎಣಿಸಿದಳು. ಎಂಟೇ. ಎಂಟನೆಯದು ಸ್ವಲ್ಪ ಸಣ್ಣ, ಸಪೂರ. ನಾನು ಹಸಿವು ಎಂದುಕೊಂಡ ಆ ದಿನಗಳಲ್ಲಿ ಅವಳು ಯಾರಿಗೂ ಹೇಳದೆ ಒಳಗೊಳಗೇ ಒಂದು ಕಾಲು ಮಾಡಿಕೊಳ್ಳುತ್ತಿದ್ದಳು. ನನ್ನ ಕಣ್ಣಲ್ಲಿ ನೀರು ಬಂತು. ಒಗ್ಗರಣೆಯ ಹೊಗೆ ಎನ್ನೋಣವೆಂದರೆ ಒಲೆಯನ್ನೇ ಹಚ್ಚಿರಲಿಲ್ಲ.

ಅನಘಾ ಬಂದವಳು ಮೊದಲು ಕೇಳಿದ್ದು, "ಅಪ್ಪಯ್ಯ, ಹಪ್ಪಳದ ಚಿಮಟ ಎಂತಕ್ಕೆ ಇಲ್ಲಿದ್ದು?" ಎಂದು. ಎಲ್ಲವನ್ನೂ ಒಪ್ಪಿಕೊಂಡೆ. ಅವಳು ಬೈಯಲಿಲ್ಲ. ಪೊರೆಯನ್ನು ತಂದು ನನ್ನ ಅಂಗೈಯಲ್ಲಿಟ್ಟಳು. ಈರುಳ್ಳಿ ಸಿಪ್ಪೆಯಷ್ಟೂ ಭಾರವಿರಲಿಲ್ಲ. ಅದಕ್ಕೆ ಏಳು ಕಾಲು.

ಮುಂದಿನ ವಾರ ತೀರ್ಥಹಳ್ಳಿಯ ಮದುವೆಯಲ್ಲಿ ಹಿರಿಯರೊಬ್ಬರು ಎಲೆಗೆ ಕೈ ಅಡ್ಡ ಹಿಡಿದು "ಸಾಕು" ಎಂದರು. ಅವರ ಒಳಗೆ ಏನು ನಡೆಯುತ್ತಿದೆಯೋ ಯಾರಿಗೆ ಗೊತ್ತು ಎಂದುಕೊಂಡು ಗೌರವದಿಂದ ಮುಂದೆ ಹೋದೆ. ಕೈ ತೊಳೆಯುವಲ್ಲಿ ಅವರು, "ಭಟ್ರ ಕೈ ಇತ್ತೀಚೆಗೆ ಬಿಗಿಯಾಗಿದೆ ಕಣ್ರೀ" ಎನ್ನುತ್ತಿದ್ದರು. ಬೇಜಾರಿನಲ್ಲೇ ಮನೆಗೆ ಬಂದು ತಿಂಡಿಗೆ ಕೂತೆ. ನಾಲ್ಕು ದೋಸೆಯಾದ ಮೇಲೆ ಹೆಂಡತಿ "ಇನ್ನೊಂದು?" ಎಂದಳು. ತಟ್ಟೆಗೆ ಕೈ ಅಡ್ಡ ಹಿಡಿದು "ಸಾಕು" ಎಂದೆ. ಅವಳು ಪುಟ್ಟಕ್ಕನ ಪೆಟ್ಟಿಗೆಯ ಕಡೆ ಒಮ್ಮೆ ನೋಡಿ, "ಸರಿ" ಎಂದು ಒಲೆ ಆರಿಸಿದಳು. ತಟ್ಟೆಯ ಮೇಲಿನ ಕೈಬೆರಳುಗಳನ್ನು ದೋಸೆಗೆ ಸಂದಿ ಸಿಗಲೆಂದು ನಾನು ಆಗಲೇ ಸ್ವಲ್ಪ ಅಗಲಿಸಿಕೊಂಡಿದ್ದೆ.