ರೇಸ್ ಕಾರಿನ ನಡತೆ

ಕಾಸರಕೋಡಿನ ದೇವರಾಜನ ಅಂಗಳದಲ್ಲಿದ್ದ ಇಂಗ್ಲೆಂಡಿನ ಹಳೇ ರೇಸ್ ಕಾರು, ಅವನು ಕೆಲಸಕ್ಕಿದ್ದ ಮನೆಯ ಒಡೆಯರು ಸಾಯುವಾಗ ಅವನಿಗೆ ಬಿಟ್ಟುಹೋದದ್ದು. ಅವರು ಅದನ್ನು ಕಡಲ ತಡಿಯ ರೇಸಿನಲ್ಲಿ ಓಡಿಸುವಾಗ ಗಾಳಿಗೇ ಉಬ್ಬಸ ಬರುತ್ತಿತ್ತಂತೆ. ಈಗ ತಳ್ಳದೆ ಸ್ಟಾರ್ಟ್ ಆಗುವುದಿಲ್ಲ. ತಳ್ಳಿ ತಳ್ಳಿ ದೇವರಾಜನ ಬೆನ್ನು ಸಿಗಡಿಯಂತೆ ಬಾಗಿತ್ತು. ಇನ್ನೊಂದು ಸಲ ತಳ್ಳಿದರೆ ಎದ್ದು ನಿಲ್ಲುವುದು ಕಷ್ಟ ಎಂದು ಡಾಕ್ಟರೂ ಹೇಳಿದ್ದರು. ಹೆಂಡತಿ ಮಾಲಿನಿಯಂತೂ, ರೇಸಿನದು ಎಂಬ ಹೆದರಿಕೆಗೆ, ಒಂದು ದಿನವೂ ಹತ್ತಿದವಳಲ್ಲ.

ಅಂತೂ ಹುಬ್ಬಳ್ಳಿಯಿಂದ ಒಬ್ಬ ಗಿರಾಕಿ ಬಂದ.

"ರೇಸಿಗೆ ಓಡಿದ್ದಾದ್ರ ಅಷ್ಟ ತಗೋತೀನ್ರಿ. ಕಾಗದ ಅದಾವೇನು?"

ಕಾಗದವನ್ನೆಲ್ಲ ಒರಲೆ ತಿಂದಿತ್ತು. ಕಣ್ಣಾರೆ ಕಂಡವರು ಹೇಳಿದರೂ ಸಾಕು ಎಂದ ಗಿರಾಕಿ. ದೇವರಾಜ ಖುಷಿಯಲ್ಲಿ ನೆರೆಮನೆಗೆ ಓಡಿ, ಗಿರಾಕಿ ವಿಚಾರಿಸಲು ಬಂದಿದ್ದಾನೆ, ಎರಡು ಮಾತು ಹೇಳಿ ಎಂದು ಹೊನ್ನಮ್ಮನನ್ನೂ ಗಣಪನನ್ನೂ ಕರೆತಂದ.

ನೆರೆಮನೆಯ ಹೆಣ್ಣಿರಲಿ, ಎಮ್ಮೆಯಿರಲಿ, ವಿಚಾರಿಸಲು ಬಂದವರಿಗೆ ಹೇಳುವ ರೀತಿ ಊರಲ್ಲಿ ಒಂದೇ: ನಡತೆ ಹೊಗಳುವುದು.

"ಓಡೂದಾ? ಇದಾ?" ಎಂದಳು ಹೊನ್ನಮ್ಮ. "ಅಂಗಳ ದಾಟ್ದ ಗಾಡಿ ಅಲ್ಲ ತಮಾ. ಇದ್ರ ಸ್ವರ ಕೇರಿಯಲ್ಲಿ ಒಬ್ರೂ ಕೇಳ್ಲಿಲ್ಲ."

ಪ್ರಾಯದಲ್ಲಿ ಅದೇ ರೇಸಿಗೆ ಬಾವುಟ ಬೀಸುತ್ತಿದ್ದವನು ಗಣಪ. ಅವನೂ ತಲೆಯಾಡಿಸಿದ. "ಯಾರ್ನೂ ಹಿಂದೆ ಹಾಕ್ಲಿಲ್ಲ. ಸೈಕಲ್ ಬಂದ್ರೂ ಬದಿಗೆ ನಿಲ್ತಿತ್ತು."

ದೇವರಾಜ ಕೆಮ್ಮಿದ, ಕಣ್ಣು ಮಿಟುಕಿಸಿದ. ಇನ್ನೂ ಹೇಳಲಿಕ್ಕೆ ಹುರಿದುಂಬಿಸುತ್ತಿದ್ದಾನೆ ಎಂದುಕೊಂಡರು ಇಬ್ಬರೂ. ಗಿರಾಕಿ ಕಾರಿನ ಬಾಗಿಲಿನ ನೆಗ್ಗು ತೋರಿಸಿ, ಇದು ರೇಸಿನ ಗಾಯವೇ ಎಂದು ಆಸೆಯಿಂದ ಕೇಳಿದ.

"ತೆಂಗಿನಕಾಯಿ ಬಿದ್ದದ್ದು," ಎಂದ ಗಣಪ.

ತಡೆಯಲಾರದೆ ದೇವರಾಜ, ಕಾರು ಮೂರು ಸಲ ಮೊದಲು ಬಂದಿದೆ, ಒಮ್ಮೆ ಪಲ್ಟಿಯೂ ಹೊಡೆದಿದೆ ಎಂದು ಆಣೆ ಹಾಕಿದ.

ಹೊನ್ನಮ್ಮ ಗಿರಾಕಿಯನ್ನು ಬದಿಗೆ ಕರೆದಳು. "ಅವ್ನ ಮಾತು ಹಿಡೀಬೇಡ. ತನ್ನ ಗಾಡಿ ಮೇಲೆ ತಾನೇ ಅಪವಾದ ಹಾಕ್ತಾ ಇವ."

ಗಿರಾಕಿ ಚಾ ಕುಡಿದು, ಕೈಮುಗಿದು, ಕುಮಟೆಯ ಬಸ್ಸು ಹತ್ತಿದ.

ದೇವರಾಜ ಜಗಲಿಯಲ್ಲಿ ಕುಸಿದ. ಬಾಗಿಲ ಹಿಂದಿನಿಂದ ಎಲ್ಲ ಕೇಳಿದ್ದ ಮಾಲಿನಿ ಹೊಸ ಸೀರೆಯುಟ್ಟು ಬಂದಳು.

"ಇಷ್ಟು ಸಾಧು ಗಾಡಿ ಅಂತ ಗೊತ್ತೇ ಇರ್ಲಿಲ್ಲ. ಹನ್ನೆರಡು ವರ್ಷ ಸುಮ್ನೆ ಹೆದ್ರಿಸಿದ್ರಿ. ಇನ್ನು ಮಾರೂದು ಬೇಡ, ಗೇರುಸೊಪ್ಪಕ್ಕೆ ಅಮ್ಮನ ಮನೆಗೆ ಇದ್ರಲ್ಲೇ ಹೋಗ್ವ."

ಕಾರಿಗಿದ್ದದ್ದು ಎರಡೇ ಸೀಟು. ಒಂದರಲ್ಲಿ ಹೊನ್ನಮ್ಮ ಎಲೆಯಡಿಕೆ ಚೀಲದೊಡನೆ ಆಗಲೇ ಕೂತಾಗಿತ್ತು. ಇನ್ನೊಂದರಲ್ಲಿ ಸ್ಟೇರಿಂಗ್ ಹಿಡಿದು ಕೂತ ಮಾಲಿನಿ ಹಿಂದೆ ತಿರುಗಿದಳು.

"ಮೆಲ್ಲಗೆ ತಳ್ಳಿ. ನಂಗೆ ಜೋರು ಹೋದ್ರೆ ಆಗೂದಿಲ್ಲ."