ಜೋಳದೊಳಗೆ ಹನ್ನೆರಡು ಲೋಟ

ನಮ್ಮ ಮನೆಯಲ್ಲಿ ಅಧಿಕಾರ ಎಲ್ಲಿದೆ ಎಂದು ಯಾರಾದರೂ ಕೇಳಿದರೆ ನಾನು ಹೊಲದ ಮೂಲೆ ತೋರಿಸುತ್ತೇನೆ. ಅಲ್ಲೊಂದು ಗೇಟ್ ವಾಲ್ವ್ ಇದೆ. ಅದನ್ನು ತಿರುಗಿಸಿದರೆ ಚಿಕ್ಕಜಾಲದ ನಮ್ಮ ಇಪ್ಪತ್ತು ಗುಂಟೆಯಲ್ಲಿ ಸ್ಪ್ರಿಂಕ್ಲರ್ ಚಿಮ್ಮುತ್ತದೆ. ಹೊಲ ನನ್ನ ಅಪ್ಪನದು, ಬೋರ್‌ವೆಲ್ ನನ್ನ ಹೆಸರಿನದು, ಪೈಪು ಹೊತ್ತು ತಂದವನೂ ನಾನೇ. ಆದರೆ ವಾಲ್ವ್ ತಿರುಗಿಸುವ ಹಕ್ಕು ಮಾತ್ರ ನನ್ನ ಹೆಂಡತಿ ವನಿತಾಳದು. ನಾನು ಆ ಕಡೆ ಎರಡು ಹೆಜ್ಜೆ ಇಟ್ಟರೆ ಸಾಕು, "ರೀ, ಅಲ್ಲೇನ್ ಕೆಲ್ಸ ನಿಮ್ಗೆ?" ಎಂದು ಅಡುಗೆಮನೆ ಕಿಟಕಿಯಿಂದ ಅಶರೀರವಾಣಿ ಕೇಳಿಸುತ್ತದೆ.

ನಾನು ಯಶವಂತಪುರದ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್. ಹತ್ತೊಂಬತ್ತು ವರ್ಷ ಬೋಲ್ಟು, ವಾಷರು ಅಳೆದವನಿಗೆ ಅಳತೆಯಿಲ್ಲದ ಕೆಲಸ ಕಂಡರೆ ಮೈ ಉರಿಯುತ್ತದೆ. ವನಿತಾಳ ನೀರು ಬಿಡುವ ಪದ್ಧತಿಯೋ! ಬರಿಗಾಲಲ್ಲಿ ಸಾಲಿನೊಳಗೆ ನಿಂತು, ಹೆಬ್ಬೆರಳಿನಿಂದ ಮಣ್ಣು ಒತ್ತಿ ನೋಡಿ, "ಸಾಕು" ಅನ್ನುತ್ತಾಳೆ. (ಒಂದು ಹೆಬ್ಬೆರಳನ್ನು ಅಳತೆಯ ಉಪಕರಣ ಎಂದು ನಮ್ಮ ಮ್ಯಾನೇಜರ್ ಮುಂದೆ ಹೇಳಿದರೆ ನನ್ನ ಗತಿ ಏನು?)

ಈ ಸಲ ಮುಸುಕಿನ ಜೋಳ ಹಾಕಿದ್ದೆವು. ಪೈರು ಗೇಣುದ್ದ ಇದ್ದಾಗ ಅವಳಿಗೆ ವಿಜ್ಞಾನ ಕಲಿಸಲು ಹೊರಟೆ. ಹೊಲದಲ್ಲಿ ಹನ್ನೆರಡು ಕಡೆ ಒಂದೇ ಅಳತೆಯ ಪಾತ್ರೆ ಇಟ್ಟು, ಒಂದು ಗಂಟೆ ನೀರು ಬಿಟ್ಟು, ಸ್ಕೇಲಿನಿಂದ ಅಳೆಯುವುದು. ಒಂದೇ ಅಳತೆಯವು ಅಂದರೆ ನಮ್ಮ ಮನೆಯಲ್ಲಿದ್ದದ್ದು ಅತ್ತೆಯ ಲೋಟಗಳು ಮಾತ್ರ. ಮಾಕಳಿಯ ನಮ್ಮ ಅತ್ತೆ ಮುನಿಕೆಂಪಮ್ಮನವರು ಮದುವೆಗೆ ಕೊಟ್ಟ ಹನ್ನೆರಡು ಸ್ಟೀಲ್ ಲೋಟಗಳು. ಎಲ್ಲದರ ಮೇಲೂ ಅವರ ಹೆಸರು ಕೊರೆಸಿದೆ. ಅತ್ತೆ ಬಂದಾಗ ಮಾತ್ರ ಅವು ಅಟ್ಟದಿಂದ ಇಳಿಯುತ್ತವೆ, ಅತ್ತೆಗೆ ಅದರಲ್ಲೇ ಕಾಫಿ. ಮಿಕ್ಕ ದಿನ ಹಳೇ ಸೀರೆಯೊಳಗೆ ಸುಖನಿದ್ರೆ.

ಕದ್ದು ಇಟ್ಟೆ, ಅಳೆದೆ, ತೊಳೆದು ಕದ್ದೇ ವಾಪಸ್ ಇಟ್ಟೆ. ಹನ್ನೆರಡರಲ್ಲೂ ಒಂದೊಂದು ಸೆಂಟಿಮೀಟರ್! ವರದಿ ಬರೆದು ವನಿತಾಳ ಮುಂದೆ ಮಂಡಿಸಿದೆ.

"ಸರಿ ಬುಡಿ. ಕಟಾವ್ ತನ್ಕ ಇದೇ ಲೆಕ್ಕ ನಿಂತ್ರೆ ವಾಲ್ವ್ ನಿಮ್ದೇ," ಎಂದಳು. "ಆದ್ರೆ ಈ ಜೋಳ ಅಮ್ಮಂಗೆ ಅಂತ ಏಳಿವ್ನಿ. ಅವಳ ಹಲ್ಲಿಗೆ ಎಳೇ ಜೋಳನೇ ಆಗ್ಬೇಕು. ಕೆಡುಸ್ಬುಟ್ಟೀರಾ ಮತ್ತೆ!"

ಜೋಳ ನನ್ನ ತಲೆ ದಾಟಿ ಬೆಳೆಯಿತು. ತೆನೆಯಲ್ಲಿ ಹಾಲು ತುಂಬಿದ್ದ ಒಂದು ಶನಿವಾರ ವನಿತಾ ಅಮ್ಮನನ್ನು ಕರೆತರಲು ಮಾಕಳಿಗೆ ಹೋದಳು. ಅವಳ ಬಸ್ಸು ಮರೆಯಾಗುವುದಕ್ಕೂ ನಾನು ಅಟ್ಟ ಹತ್ತುವುದಕ್ಕೂ ಸರಿಹೋಯಿತು. ಅಂತಿಮ ಪರೀಕ್ಷೆ! ಸಾಲುಗಳ ನಡುವೆ ಲೋಟ ಇಟ್ಟು ಒಂದು ಗಂಟೆ ನೀರು ಬಿಟ್ಟೆ. ಆಮೇಲೆ ಗರಿಗಳಿಂದ ಮುಖ ಗೀರಿಸಿಕೊಂಡು ಒಳಗೆ ಹೋಗಿ ಒಂದೊಂದನ್ನೇ ಬಗ್ಗಿ ನೋಡಿದೆ. ಏಳು ಲೋಟಗಳಲ್ಲಿ ತಳವಷ್ಟೇ ಒದ್ದೆ, ನಾಲ್ಕರಲ್ಲಿ ಅದೂ ಇಲ್ಲ. ಒಂದರ ನೆತ್ತಿಗೇ ಗರಿಯ ತುದಿ ಬಾಗಿ, ತೊಟ್ಟಿಕ್ಕಿ ತೊಟ್ಟಿಕ್ಕಿ, ಅದು ಮಾತ್ರ ಅರ್ಧ ತುಂಬಿತ್ತು. ಅಯ್ಯೋ, ಬೆಳೆ ಬಾಯಾರಿ ಸಾಯುತ್ತಿದೆ! ಅತ್ತೆಯ ಜೋಳ! ನಿಜಕ್ಕೂ ನನಗೆ ಕಣ್ಣಲ್ಲಿ ನೀರು ಬಂತು. ಪ್ರತಿ ಲೋಟದಲ್ಲೂ ಒಂದು ಸೆಂಟಿಮೀಟರ್ ಆಗುವ ತನಕ ವಾಲ್ವ್ ಮುಚ್ಚುವುದಿಲ್ಲ ಎಂದು ಶಪಥ ಮಾಡಿದೆ.

ಐದು ಗಂಟೆ ನೀರು ಓಡಿತು. (ಅವತ್ತೇ ಕರೆಂಟೂ ಹೋಗಲಿಲ್ಲ, ನೋಡಿ.) ಮೂರೂವರೆಗೆ ಒಂದು ಗಾಳಿ ಬಂತು, ಅಂಥ ದೊಡ್ಡದೇನಲ್ಲ. ಕೆಸರಿನಲ್ಲಿ ಬೇರು ಸಡಿಲವಾಗಿದ್ದ ಐದು ಸಾಲು ಜೋಳ ಒಟ್ಟಿಗೆ ಮಲಗಿಬಿಟ್ಟವು. ಓಡಿಹೋಗಿ ವಾಲ್ವ್ ಮುಚ್ಚಿದೆ. ನೆಟ್ಟಗೆ ನಿಲ್ಲಿಸಲು ಹೋದರೆ ಒಂದು ದಂಟು ನಿಂತರೆ ಎರಡು ಬೀಳುತ್ತಿದ್ದವು.

ಅಷ್ಟರಲ್ಲಿ ಮನೆ ಕಡೆಯಿಂದ ಕೂಗು ಬಂತು. "ರೀ! ಅಮ್ಮನ ಲೋಟ ಎಲ್ಲಿ?"

ನಾನು ಇನ್ನೊಂದು ದಂಟು ಎತ್ತಿ ಹಿಡಿದೆ. ತಾಯಿ ಮಗಳು ಇಬ್ಬರೂ ಹೊಲಕ್ಕೇ ಬಂದರು. ಮೊಣಕಾಲು ತನಕ ಕೆಸರಿನಲ್ಲಿ ಅಳಿಯ, ಅವನ ಕಾಲಬುಡದಲ್ಲಿ 'ಮುನಿಕೆಂಪಮ್ಮ, ಮಾಕಳಿ' ಎಂಬ ಲೋಟ, ಅದರೊಳಗೊಂದು ಕಪ್ಪೆಮರಿ.

"ನೀರು ಒಳಗೆ ಬೀಳ್ತಾನೇ ಇರ್ಲಿಲ್ಲ ಕಣೇ. ಲೋಟ ಎಲ್ಲಾ ಖಾಲಿ. ಗರಿ ಅಡ್ಡ ಬರ್ತಿತ್ತು," ಎಂದೆ.

ವನಿತಾ ಬಗ್ಗಿ, ಇನ್ನೂ ನಿಂತಿದ್ದ ಒಂದು ದಂಟನ್ನು ನನ್ನ ಕೈಯಿಂದ ಹಿಡಿಸಿದಳು. ಗರಿಯ ಬುಡದಿಂದ ನೀರು ಸಣ್ಣಗೆ ದಂಟಿನ ಗುಂಟ ಇಳಿದು ಬೇರಿಗೆ ಹೋಗುತ್ತಿತ್ತು.

"ಗರಿ ನೀರನ್ನ ಇಡ್ಕೊಂಡು ಇಂಗೆ ಬುಡಕ್ಕೆ ಇಳಿಸ್ತದೆ. ನಿಮ್ ಲೋಟ ಸಾಲಿನ್ ಮಧ್ಯೆ ಬಾಯ್ ಬಿಟ್ಕೊಂಡ್ ಕುಂತ್ರೆ ಅದ್ಕೆಲ್ಲಿಂದ ಬತ್ತದೆ? ಅಡ್ಡ ಬಂದಿದ್ದು ಬೆಳೆ ಕಣ್ರೀ. ನೀವು ನೀರು ಬುಟ್ಟಿದ್ದು ಬೆಳೆಗಾ, ಲೋಟಕ್ಕಾ?"

ಹತ್ತೊಂಬತ್ತು ವರ್ಷದ ಸರ್ವೀಸಿನಲ್ಲಿ ಇಂಥ ಪ್ರಶ್ನೆ ನನಗೆ ಯಾರೂ ಕೇಳಿರಲಿಲ್ಲ. ನಾಚಿಕೆಯಿಂದ ತಲೆ ತಗ್ಗಿಸಿದೆ. ಅವಳ ಅಮ್ಮನಿಗೆಂದು ಬೆಳೆಸಿದ್ದನ್ನು ನಾನು ಕೈಯಾರೆ ಕೆಡವಿದ್ದೆ.

ಅತ್ತೆ ಮಾತ್ರ ಸೆರಗು ಸಿಕ್ಕಿಸಿ, ಮಲಗಿದ್ದ ಜೋಳದ ಪಕ್ಕದ ಬದುವಿನ ಮೇಲೆ ಕೂತೇಬಿಟ್ಟರು. ಒಂದು ತೆನೆ ಮುರಿದು, ಸಿಪ್ಪೆ ಸುಲಿದು ಕಚ್ಚಿದರು. "ಬಯ್ಬೇಡ ಬುಡೇ. ಎಳೇದೈತೆ, ಚೆನ್ನಾಗೈತೆ. ಅತ್ತೆ ಕುಳ್ಳಿ, ಕೈಗೆಟುಕಾಕಿಲ್ಲ ಅಂತ ಅಳಿಯಂದ್ರು ಬಗ್ಗಿಸ್ಕೊಟ್ಟವ್ರೆ," ಎಂದರು. ವನಿತಾ ತಡೆಯಲಾರದೆ ನಕ್ಕಳು. ಅವತ್ತು ಆ ನಗು ಕೇಳಿದಾಗ ಹೋದ ಜೀವ ಬಂದಂತಾಯಿತು. ಸಂಜೆ ಒಲೆ ಹೊತ್ತಿಸಿ ಐದು ಸಾಲಿನ ತೆನೆ ಸುಟ್ಟೆವು, ಬೇಯಿಸಿದೆವು, ಅಕ್ಕಪಕ್ಕಕ್ಕೂ ಹಂಚಿದೆವು. ದಂಟು ಹಸುವಿಗಾಯಿತು.

ಮುಂದಿನ ತಿಂಗಳು ಬಂದಾಗ ಅತ್ತೆ ನನಗೊಂದು ಹೊಸ ಸ್ಟೀಲ್ ಲೋಟ ತಂದರು. ಅದರ ಮೇಲೆ 'ಮುನೇಶ್, ಚಿಕ್ಕಜಾಲ' ಎಂದು ಅಂದವಾಗಿ ಕೊರೆಸಿದ್ದರು. ಅಂತೂ ಈ ಮನೆಯಲ್ಲಿ ನನ್ನ ಹೆಸರಿಗೂ ಒಂದು ಸ್ಥಾನ! ನಾನು ಹಿಗ್ಗಿ, ಅದರಲ್ಲೇ ಕಾಫಿ ಕುಡಿಯಲು ಶುರುಮಾಡಿದೆ. ಲೋಟ ಎತ್ತಿದಾಗಲೆಲ್ಲ ಎದುರಿಗೆ ಕೂತ ತಾಯಿ ಮಗಳು ಮುಸಿಮುಸಿ ನಗುತ್ತಿದ್ದರು, ನನ್ನ ಮೇಲಿನ ಪ್ರೀತಿಗೆ ಅಂದುಕೊಂಡೆ. ಮೂರನೇ ದಿನ ಲೋಟ ತೊಳೆದು ಬೋರಲು ಹಾಕುವಾಗ ತಳ ಕಣ್ಣಿಗೆ ಬಿತ್ತು. ಅಲ್ಲಿ ಅಷ್ಟೇ ಅಂದವಾದ ಅಕ್ಷರದಲ್ಲಿ ಕೊರೆಸಿತ್ತು: 'ವಾಲ್ವ್ ಮುಟ್ಟಬಾರದು.'